ನಾಲ್ಕು ಶಾಲು ಕೊಟ್ಟಿರಿ, ಒಂದು ಹೆಸರು ಬರೆಯಿರಿ

ಬೀದಿ ವ್ಯಾಪಾರಿಗಳ ನೋಂದಣಿ ಪುಸ್ತಕವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವ ಮಾನ್ಯ ಅಧಿಕಾರಿಗಳೇ,

ನೇರವಾಗಿ ವಿಷಯಕ್ಕೆ ಬರುತ್ತೇನೆ. ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಕಡೆ ಹೋಗುವ ರಸ್ತೆಯಲ್ಲಿ ಹನ್ನೊಂದು ವರ್ಷದಿಂದ ತಳ್ಳುಗಾಡಿಯಲ್ಲಿ ಸೊಪ್ಪು ಮಾರುತ್ತಿರುವ ರಾಣಿ ಎಂಬ ಹೆಣ್ಣುಮಗಳಿಗೆ ನಿಮ್ಮ ಕಚೇರಿ ಎರಡು ವರ್ಷದಲ್ಲಿ ನಾಲ್ಕು ಸಲ ಸನ್ಮಾನ ಮಾಡಿದೆ. ನಾಲ್ಕು ಶಾಲು, ಮೂರು ಹಣ್ಣಿನ ಬುಟ್ಟಿ, ಎರಡು ಸ್ಮರಣಿಕೆ, ಒಂದು ಮೈಸೂರು ಪೇಟ. ಇದೇ ಎರಡು ವರ್ಷದಲ್ಲಿ ಆಕೆ ನಿಮ್ಮನ್ನು ಕೇಳಿದ್ದು ಒಂದೇ ಒಂದು: ನೋಂದಣಿ ಪುಸ್ತಕದಲ್ಲಿರುವ ನನ್ನ ಹಳೆಯ ಹೆಸರನ್ನು ತೆಗೆದು ರಾಣಿ ಎಂದು ಬರೆದುಕೊಡಿ. ಅದೊಂದು ಮಾತ್ರ ಆಗಿಲ್ಲ. ಮುಂದಿನ ತಿಂಗಳ ಐದನೇ ತಾರೀಖು ನೀವು ಹೊಸ ಮಾರುಕಟ್ಟೆ ಕಟ್ಟಡದ ಮಳಿಗೆಗಳ ಬೀಗದ ಕೈ ಹಂಚುತ್ತೀರಿ. ಆರನೇ ತಾರೀಖು ರಸ್ತೆಯ ಮೇಲಿನ ಗಾಡಿಗಳನ್ನೆಲ್ಲ ಎತ್ತಿಸುತ್ತೀರಿ. ಅಷ್ಟರಲ್ಲಿ ಹೆಸರು ತಿದ್ದದೇ ಹೋದರೆ ರಾಣಿಗೆ ಒಳಗೆ ಮಳಿಗೆಯೂ ಇಲ್ಲ, ಹೊರಗೆ ಗಾಡಿಯೂ ಇಲ್ಲ. ನಿಮ್ಮ ನಾಲ್ಕು ಶಾಲು ಹೊದ್ದುಕೊಂಡು ಮನೆಯಲ್ಲಿ ಬೆಚ್ಚಗೆ ಕೂರಬೇಕಾಗುತ್ತದೆ.

ಇಷ್ಟು ಹೇಳುವುದಕ್ಕೆ ಇವನು ಯಾರು ಎಂದು ನೀವು ಕೇಳಬಹುದು. ನಾನು ಮುನೀಂದ್ರ. ನಿಮ್ಮ ಕಚೇರಿಯ ಗೇಟಿನ ಹೊರಗೆ, ಹೊಂಗೆ ಮರದ ಕೆಳಗೆ ಮಡಚುವ ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುವವನು. ಮೊದಲು ಟೈಪ್‌ರೈಟರ್ ಇತ್ತು, ಈಗ ಲ್ಯಾಪ್‌ಟಾಪು, ಪ್ರಿಂಟರು ಇವೆ. ನೀವು ದಿನಾ ನನ್ನನ್ನು ನೋಡುತ್ತೀರಿ. ನನ್ನ ಕೊಡೆ ನಿಮ್ಮ ಕಾರಿಗೆ ತಗಲುತ್ತದೆಂದು ಎರಡು ಸಲ ಎತ್ತಿಸಿದ್ದೀರಿ ಕೂಡ. ಮೂವತ್ತೊಂದು ವರ್ಷದಿಂದ ನಲ್ಲಿ ನೀರಿಗೆ, ಖಾತೆ ಬದಲಾವಣೆಗೆ, ವಿಧವಾ ವೇತನಕ್ಕೆ, ಕೆಟ್ಟುಹೋದ ಬೀದಿ ದೀಪಕ್ಕೆ ‘ಮಾನ್ಯರೇ’ ಎಂದು ಶುರುಮಾಡಿ ‘ತಮ್ಮ ವಿಧೇಯ’ ಎಂದು ಮುಗಿಸಿದ್ದೇನೆ. ಅದೆಲ್ಲ ಬೇರೆಯವರ ವಿಧೇಯತೆ. ನನ್ನ ಸ್ವಂತದ್ದೊಂದು ಕಾಗದ ನಿಮಗೆ ಬರೆಯುತ್ತಿರುವುದು ಇದೇ ಮೊದಲು. ಒಳಗೆ ಕೊಟ್ಟರೆ ಇದಕ್ಕೊಂದು ಸ್ವೀಕೃತಿ ಮುದ್ರೆ ಬೀಳುತ್ತದೆ, ಆಮೇಲೆ ಇದು ಸುಖವಾಗಿ ಮಲಗುತ್ತದೆ ಎನ್ನುವುದನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದ್ದರಿಂದ ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಿಮ್ಮನ್ನು ಬೈಯುವ ಮೊದಲು ನನ್ನ ತಪ್ಪುಗಳನ್ನು ಒಪ್ಪಿಕೊಂಡುಬಿಡುತ್ತೇನೆ. ಅವು ನಿಮಗೂ ಉಪಯೋಗಕ್ಕೆ ಬಂದಾವು. ರಾಣಿ ಟ್ರಾನ್ಸ್‌ಜೆಂಡರ್ ಮಹಿಳೆ. ಹುಟ್ಟಿದಾಗ ಮನೆಯವರು ಗಂಡುಮಗು ಎಂದು ಬರೆಸಿದ್ದರು, ಏಳು ವರ್ಷದ ಹಿಂದೆ ನೀವು ಬೀದಿ ವ್ಯಾಪಾರಿಗಳ ಸರ್ವೆ ಮಾಡಿದಾಗಲೂ ಅದೇ ಹಳೆಯ ಹೆಸರು ಪುಸ್ತಕ ಸೇರಿತು. ಆಮೇಲೆ ಆಕೆ ಜಿಲ್ಲಾಡಳಿತದಿಂದ ಪ್ರಮಾಣಪತ್ರ ತಂದಳು, ಆಧಾರ್ ಬದಲಾಯಿತು, ಬ್ಯಾಂಕ್ ಪುಸ್ತಕ ಬದಲಾಯಿತು, ಗ್ಯಾಸ್ ಕಂಪನಿಯವರು ಕೂಡ ‘ರಾಣಿ ಮೇಡಂ’ ಎಂದು ಮೆಸೇಜು ಕಳಿಸತೊಡಗಿದರು. ಉಳಿದದ್ದು ನಿಮ್ಮ ಪುಸ್ತಕ. ಅದಕ್ಕೆ ಅರ್ಜಿ ಬರೆಸಲು ನನ್ನ ಮೇಜಿಗೆ ಬಂದಳು. ನಾನು ಕನ್ನಡಕ ಏರಿಸಿ, ಬಹಳ ತಿಳಿದವನ ಹಾಗೆ, ಆಪರೇಷನ್ ಆಗಿದೆಯೋ ಇಲ್ಲವೋ ಎಂದು ವಿಚಾರಿಸಿದೆ. ಆಕೆ ಸಿಟ್ಟಾಗಲಿಲ್ಲ. ನನ್ನ ಕೈಯಲ್ಲಿದ್ದ ನಮೂನೆಯ ಕಡೆ ಬೆರಳು ತೋರಿಸಿದಳು.

“ಅಣ್ಣ, ಈ ಫಾರಮ್ಮಲ್ಲಿ ಆ ಕಾಲಂ ಇದ್ಯಾ?”

ನಾನು ಎರಡೂ ಪುಟ ತಿರುವಿ ನೋಡಿದೆ. ಇರಲಿಲ್ಲ. “ಹಂಗಾದ್ರೆ ಬಿಡಿ, ಇರೋದ್ನ ತುಂಬ್ಸಿ,” ಎಂದಳು. ಅದೇ ಬೆಳಿಗ್ಗೆ ಆಟೋ ಸ್ಟ್ಯಾಂಡಿನ ಉಮೇಶನಿಗೆ ಪರವಾನಗಿ ನವೀಕರಣದ ಅರ್ಜಿ ಬರೆದುಕೊಟ್ಟಿದ್ದೆ. ಅವನ ಬಟ್ಟೆಯೊಳಗೆ ಏನಿದೆ ಎಂದು ನಾನು ಕೇಳಿರಲಿಲ್ಲ. ಕೇಳಿದ್ದರೆ ಅವನು ನನ್ನ ಮೇಜನ್ನು ಮಗುಚಿ ಹೋಗುತ್ತಿದ್ದ. ಅವತ್ತಿನಿಂದ ನಾನೊಂದು ನಿಯಮ ಇಟ್ಟುಕೊಂಡಿದ್ದೇನೆ: ಉಮೇಶನಿಗೆ ಕೇಳದ ಪ್ರಶ್ನೆಯನ್ನು ರಾಣಿಗೂ ಕೇಳುವುದಿಲ್ಲ.

ಎರಡನೆಯ ತಪ್ಪು ಅದಾದ ಐದೇ ನಿಮಿಷಕ್ಕೆ ಆಯಿತು. ಹಳೆಯ ಹೆಸರು ಬರೆದು, ಪಕ್ಕದಲ್ಲಿ ‘ಅಲಿಯಾಸ್’ ಎಂದು ಹಾಕಿ, ಆಮೇಲೆ ರಾಣಿ ಎಂದು ಟೈಪು ಮಾಡಿದೆ. “ನಾನೇನ್ ರೌಡಿನಾ ಅಣ್ಣ?” ಎಂದು ಆಕೆ ಕೇಳಿದಳು. ಅಳಿಸಿದೆ. ಮೂರನೆಯದು, ಮಾತಿನ ಭರದಲ್ಲಿ ಪಕ್ಕದವರಿಗೆ ರಾಣಿಯ ಬಗ್ಗೆ “ಆಗಲೇ ಬಂದ” ಎಂದುಬಿಟ್ಟೆ. ನಾಲಿಗೆ ಕಚ್ಚಿಕೊಂಡು ಕ್ಷಮೆ ಕೇಳಲು ಶುರುಮಾಡಿದೆ. ನನ್ನ ವಯಸ್ಸು, ನಮ್ಮ ಕಾಲ, ನಾನು ಬೆಳೆದ ರೀತಿ, ನನ್ನ ಮನಸ್ಸಿನ ಶುದ್ಧಿ ಎಲ್ಲವನ್ನೂ ವಿವರಿಸುತ್ತ ಹೋದೆ. ಕಡೆಗೆ ಆಕೆಯೇ ನನ್ನನ್ನು ಸಮಾಧಾನ ಮಾಡಬೇಕಾಯಿತು. ತಪ್ಪಾಯಿತು ಎಂದು ಒಂದು ಸಲ ಹೇಳಿ, ಸರಿಯಾಗಿ ಹೇಳಿ, ಮುಂದಕ್ಕೆ ಹೋಗಿ, ಇಲ್ಲಿ ಸೊಪ್ಪು ಬಾಡುತ್ತಿದೆ ಎಂದಳು. ಇನ್ನೊಂದು ಮಾತು. ಆ ಹಳೆಯ ಹೆಸರನ್ನು ನಾನು ಈ ಪತ್ರದಲ್ಲಿ ಎಲ್ಲಿಯೂ ಬರೆಯುವುದಿಲ್ಲ. ಅದು ನಿಮ್ಮ ಪುಸ್ತಕದಲ್ಲಿದೆ, ಅಲ್ಲೇ ಬೇಕಾದಷ್ಟು ತೊಂದರೆ ಕೊಡುತ್ತಿದೆ.

ಈಗ ನಿಮ್ಮ ಸರದಿ. ಅರ್ಜಿ ಒಳಗೆ ಹೋಯಿತು. ಮೂರು ವಾರದ ನಂತರ ನಿಮ್ಮ ಮೂರನೇ ಕೌಂಟರಿನವರು ರಾಣಿಯನ್ನು ಕರೆಸಿ, ಇದು ಹೆಸರು ವರ್ಗಾವಣೆ ಪ್ರಕರಣ ಎಂದರು. ಒಬ್ಬರ ಗಾಡಿಯ ನೋಂದಣಿ ಇನ್ನೊಬ್ಬರಿಗೆ ಹೋಗಬೇಕಾದರೆ ಮೊದಲನೆಯವರ ಒಪ್ಪಿಗೆ ಪತ್ರ ಬೇಕು, ನಿಯಮ ಹಾಗಿದೆ ಎಂದರು. ಮೊದಲನೆಯವರು ನಾನೇ ಎಂದು ರಾಣಿ ಹೇಳಿದಳು. ಅದಕ್ಕೆ ಅವರು ಬಹಳ ತಾಳ್ಮೆಯಿಂದ, “ಇರ್ಬೋದಮ್ಮ, ಆದ್ರೂ ಅವ್ರನ್ನ ಒಂದ್ಸಲ ಕರ್ಕೊಂಡ್ ಬನ್ನಿ,” ಎಂದರು.

ಮಾನ್ಯರೇ, ನಾನು ಮೂವತ್ತೊಂದು ವರ್ಷ ನಿಮ್ಮ ಗೇಟಿನಲ್ಲಿ ಕೂತು ಪಳಗಿದವನು. ಕೇಳಿದ ಕಾಗದವನ್ನು ಕೊಟ್ಟುಬಿಡುವುದೇ ಸುಲಭ ಎಂದು ಗೊತ್ತು. ಬರೆದೆ. ಈ ಗಾಡಿಯ ಮೇಲಿನ ನನ್ನ ಎಲ್ಲ ಹಕ್ಕನ್ನೂ ಶ್ರೀಮತಿ ರಾಣಿಯವರಿಗೆ ಪೂರ್ಣ ಮನಸ್ಸಿನಿಂದ, ಯಾರ ಬಲವಂತವೂ ಇಲ್ಲದೆ ಬಿಟ್ಟುಕೊಟ್ಟಿದ್ದೇನೆ, ಆಕೆಯನ್ನು ಹುಟ್ಟಿನಿಂದ ಬಲ್ಲೆ, ಆಕೆಯ ನಡತೆ ಒಳ್ಳೆಯದು ಎಂದು ಟೈಪು ಮಾಡಿದೆ. ಕೊಟ್ಟವರ ಜಾಗದಲ್ಲಿ ರಾಣಿ ಸಹಿ ಹಾಕಿದಳು. ಪಡೆದವರ ಜಾಗದಲ್ಲೂ ರಾಣಿ ಸಹಿ ಹಾಕಿದಳು. ಸಾಕ್ಷಿ ನಾನು. ಸಹಿ ಹಾಕುವಾಗ ಆಕೆ ನಕ್ಕಳು, ನಾನೂ ನಕ್ಕೆ, ಮರದ ಕೆಳಗಿದ್ದ ಇನ್ನಿಬ್ಬರೂ ನಕ್ಕರು. ನಗದೇ ಇದ್ದವರು ನಿಮ್ಮ ಕೌಂಟರಿನವರು ಮಾತ್ರ. ಅವರು ಕಾಗದವನ್ನು ಬೆಳಕಿಗೆ ಹಿಡಿದು, ಎರಡೂ ಸಹಿ ಒಂದೇ ಥರ ಕಾಣುತ್ತಿದೆ, ಇದರಲ್ಲಿ ಏನೋ ಮೋಸ ಇರಬಹುದು ಎಂದು ಷರಾ ಬರೆದು ಕಡತವನ್ನು ಮೇಲಕ್ಕೆ ಕಳಿಸಿದರು. ಮೇಲಕ್ಕೆ ಎಂದರೆ ನಿಮ್ಮ ಮೇಜಿಗೆ.

ನಿಯಮ ನಿಯಮವೇ ಎಂದು ನೀವು ಹೇಳಬಹುದು. ಹಾಗಾದರೆ ಒಂದು ಹಳೆಯ ಕತೆ ನೆನಪಿಸುತ್ತೇನೆ. ನಮ್ಮ ಬಡಾವಣೆಯ ಸೊಣ್ಣಪ್ಪನವರು ಜಮೀನಿನಲ್ಲಿ ಕಟ್ಟಡ ಎಬ್ಬಿಸಿ, ಕೆಳಗಿನ ಅಂಗಡಿಗಳಿಗೆ ಪರವಾನಗಿ ಮಾಡಿಸಿದ್ದರು. ಆಮೇಲೆ ಯಾರೋ ಜ್ಯೋತಿಷಿ ಹೇಳಿದರೆಂದು ತಮ್ಮ ಹೆಸರನ್ನು ಸುವರ್ಣರಾಜ್ ಎಂದು ಮಾಡಿಕೊಂಡರು. ಆ ಅರ್ಜಿ ಬರೆದವನೂ ನಾನೇ. ಬುಧವಾರ ಕೊಟ್ಟೆವು, ಸೋಮವಾರ ಎಲ್ಲ ದಾಖಲೆಗಳೂ ಸುವರ್ಣರಾಜ್ ಆಗಿದ್ದವು, ನಿಮ್ಮ ಸಿಬ್ಬಂದಿ ಅವರ ಮನೆಗೇ ಹೋಗಿ ಕೊಟ್ಟು ಕಾಫಿ ಕುಡಿದು ಬಂದರು. ಸೊಣ್ಣಪ್ಪನನ್ನು ಕರೆತನ್ನಿ, ಅವನ ಒಪ್ಪಿಗೆ ಬೇಕು ಎಂದು ಆಗ ಯಾರೂ ಕೇಳಲಿಲ್ಲ. ಗ್ರಹಗತಿಗೆ ಹೆಸರು ಬದಲಿಸಿದರೆ ನಂಬುವ ಕಚೇರಿ, ಬದುಕಿಗಾಗಿ ಬದಲಿಸಿದರೆ ಯಾಕೆ ನಂಬುವುದಿಲ್ಲ? ಇದಕ್ಕೆ ಉತ್ತರ ಸಿಕ್ಕರೆ ದಯವಿಟ್ಟು ಲಿಖಿತದಲ್ಲಿ ಕೊಡಿ, ನನ್ನ ಮರಕ್ಕೆ ಅಂಟಿಸಿಕೊಳ್ಳುತ್ತೇನೆ.

ಕಡತ ನಿಮ್ಮ ಮೇಜಿನಲ್ಲಿದ್ದಾಗಲೇ ರಾಜ್ಯೋತ್ಸವ ಬಂತು. ಸಮಾಜದ ಎಲ್ಲ ವರ್ಗದವರಿಗೂ ಸನ್ಮಾನ ಆಗಬೇಕು ಎಂದು ನಿಮಗೆ ಅನಿಸಿತು. ಒಳ್ಳೆಯ ಯೋಚನೆಯೇ. ಆದರೆ ನಮ್ಮಲ್ಲಿ ಸನ್ಮಾನಕ್ಕೊಂದು ಕ್ರಮ ಇದೆಯಲ್ಲ. ಗಂಡಸರಾದರೆ ಶಾಲು, ಹಾರ, ತಲೆಗೆ ಮೈಸೂರು ಪೇಟ. ಹೆಂಗಸರಾದರೆ ಶಾಲು, ಅರಿಶಿನ ಕುಂಕುಮ, ರವಿಕೆ ಕಣ. ರಾಣಿಯ ವಿಷಯದಲ್ಲಿ ನಿಮ್ಮ ಸನ್ಮಾನ ಸಮಿತಿ ಎರಡು ಸಭೆ ಸೇರಿದರೂ ತೀರ್ಮಾನಕ್ಕೆ ಬರಲಾಗಲಿಲ್ಲವಂತೆ. ಅರ್ಜಿಯಲ್ಲಿ ನನ್ನ ನಂಬರು ಇತ್ತು. ಹಿಂದಿನ ದಿನ ಸಮಿತಿಯವರೊಬ್ಬರು ಫೋನು ಮಾಡಿ, ಗುಟ್ಟು ಹೇಳುವವರಂತೆ ದನಿ ತಗ್ಗಿಸಿ, ಪೇಟ ಇಡುವುದೋ ಕುಂಕುಮ ಕೊಡುವುದೋ ಎಂದು ಕೇಳಿದರು. ನಾನು ಒಂದು ನಿಮಿಷ ಗಂಭೀರವಾಗಿ ಆಲೋಚಿಸಿ, ಯಾವುದಕ್ಕೂ ಇರಲಿ, ಎರಡೂ ಇಟ್ಟುಕೊಳ್ಳಿ ಎಂದೆ. ಯಾರಿಗೂ ಬೇಜಾರಾಗದ ಉತ್ತರ ಕೊಟ್ಟೆನೆಂದು ಬೀಗಿದೆ. ಅದೇ ಹೊತ್ತಿನಲ್ಲಿ ರಾಣಿ ನನ್ನಿಂದ ನಾಲ್ಕು ಅಡಿ ದೂರದಲ್ಲಿ, ಮರದ ನೆರಳಿಗೆ ಗಾಡಿ ನಿಲ್ಲಿಸಿ ಕೊತ್ತಂಬರಿ ಕಟ್ಟು ಕಟ್ಟುತ್ತಿದ್ದಳು.

ಮರುದಿನದ್ದು ನಿಮಗೂ ನೆನಪಿರಬೇಕು, ಪೇಟ ಒತ್ತಿದ ಕೈ ನಿಮ್ಮದೇ. ನಿರೂಪಕರು ದಾಖಲೆಯಲ್ಲಿದ್ದಂತೆ ಹಳೆಯ ಹೆಸರನ್ನೇ ಮೈಕಿನಲ್ಲಿ ಕೂಗಿದರು. ರಾಣಿ ಹೊಸ ಸೀರೆ ಉಟ್ಟು, ತುರುಬು ಕಟ್ಟಿ, ಎರಡು ಮೊಳ ಕನಕಾಂಬರ ಮುಡಿದು ಬಂದಿದ್ದಳು. ಆ ತುರುಬಿನ ಮೇಲೆ ಪೇಟ ಕೂರಲಿಲ್ಲ. ನೀವು ಒತ್ತಿದಿರಿ. ಅದು ಹುಬ್ಬಿನ ತನಕ ಇಳಿಯಿತು. ಅಷ್ಟರಲ್ಲಿ ಕುಂಕುಮದ ತಟ್ಟೆ ಬಂತು, ಇಡಲು ಹಣೆ ಕಾಣಲಿಲ್ಲ. ನಿಮ್ಮ ಸಿಬ್ಬಂದಿಯ ಒಬ್ಬ ಹೆಣ್ಣುಮಗಳು ಪೇಟ ಎತ್ತಿ ಹಿಡಿದಳು, ಇನ್ನೊಬ್ಬಳು ಕುಂಕುಮ ಇಟ್ಟಳು, ಮತ್ತೆ ಪೇಟ ಮುಚ್ಚಿದರು. ಫೋಟೋ ತೆಗೆದರು. ಆ ಫೋಟೋದಲ್ಲಿ ನೀವು ಚೆನ್ನಾಗಿ ಬಂದಿದ್ದೀರಿ. ರಾಣಿಯದು ಒಂದು ಮೂಗು ಮಾತ್ರ ಕಾಣುತ್ತದೆ. ಸಭೆಯಲ್ಲಿ ಹಿಂದಿನ ಸಾಲಿನವರು ನಕ್ಕರು. ಆಕೆ ಹೂವಿನ ಎಸಳನ್ನು ಭುಜದಿಂದ ತೆಗೆಯುತ್ತ ಮೆಟ್ಟಿಲಿಳಿದು ಬಂದಳು. ನಾನು ಅಭಿನಂದಿಸಲು ಕೈ ಮುಂದೆ ಮಾಡಿದ್ದೆ.

“ಅಣ್ಣ, ನಿನ್ನೆ ಫೋನ್ ಬಂದಾಗ ನಾನ್ ಪಕ್ದಲ್ಲೇ ಇದ್ನಲ್ಲ,” ಎಂದಳು. “ನನ್ನೇ ಒಂದ್ ಮಾತು ಕೇಳಿದ್ರೆ ಆಗ್ತಿರ್ಲಿಲ್ವಾ?”

ನನಗೆ ನಾಚಿಕೆಯಾಯಿತು. ಅದನ್ನು ಅಲಂಕಾರವಿಲ್ಲದೆ ಹೇಳುತ್ತಿದ್ದೇನೆ, ನಾಚಿಕೆಯಾಯಿತು. ಊರಿಗೆಲ್ಲ ಅರ್ಜಿ ಬರೆಯುವವನು, ಜನರ ಬಾಯಿಂದ ಕೇಳದೆ ಒಂದು ಸಾಲೂ ಬರೆಯುವುದಿಲ್ಲ ಎಂದು ಹೆಮ್ಮೆಪಡುವವನು, ಇವಳ ವಿಷಯ ಬಂದಾಗ ಮಾತ್ರ ಇವಳನ್ನು ಬಿಟ್ಟು ನಾನೇ ತೀರ್ಮಾನಿಸಿದ್ದೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದೆ. ನೀವೂ ಒಳ್ಳೆಯ ಮನಸ್ಸಿನಿಂದಲೇ ಒತ್ತಿದಿರಿ. ಆದರೆ ಇಬ್ಬರ ಒಳ್ಳೆಯ ಮನಸ್ಸಿನ ಕೆಳಗೆ ಆಕೆಯ ಮುಖ ಕಾಣದೇ ಹೋಯಿತು.

ಆ ಪೇಟ ಈಗ ಏನಾಗಿದೆ ಎಂಬ ಕುತೂಹಲ ನಿಮಗಿದ್ದರೆ, ಸಂಜೆ ಐದರ ಮೇಲೆ ಗಾಡಿಯ ಹತ್ತಿರ ಬನ್ನಿ. ಮಗುಚಿ ಇಟ್ಟು ಅದರಲ್ಲಿ ನಿಂಬೆಹಣ್ಣು ತುಂಬಿದ್ದಾಳೆ. ನಲವತ್ತು ಹಣ್ಣು ಆರಾಮಾಗಿ ಹಿಡಿಯುತ್ತದೆ, ಜರಿಯ ಅಂಚು ಇರುವುದರಿಂದ ಗಿರಾಕಿಗಳ ಕಣ್ಣಿಗೂ ಬೀಳುತ್ತದೆ. ಶಾಲುಗಳದ್ದೇ ಸಮಸ್ಯೆ. ಸೊಪ್ಪಿನ ಮೇಲೆ ಹೊದಿಸೋಣ ಎಂದರೆ ಅವು ನೀರು ಹಿಡಿಯುವುದಿಲ್ಲ, ಹಳೆಯ ಗೋಣಿಚೀಲವೇ ವಾಸಿ. ಮುಂದೆ ಮಹಿಳಾ ದಿನಾಚರಣೆಗೆ ಒಂದು, ಸಂವಿಧಾನ ದಿನಕ್ಕೆ ಒಂದು, ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಅರಿವು ಮೂಡಿಸುವ ಕಾರ್ಯಕ್ರಮಕ್ಕೆ ಒಂದು ಎಂದು ಮತ್ತೆ ಮೂರು ಶಾಲು ಹೊದಿಸಿದಿರಿ. ಅರಿವಿನ ಕಾರ್ಯಕ್ರಮದಲ್ಲಿ ಒಬ್ಬ ತಜ್ಞರು ಒಂದೂವರೆ ತಾಸು ಮಾತಾಡಿದರು. ರಾಣಿಗೆ ಕೊನೆಯಲ್ಲಿ ಎರಡು ನಿಮಿಷ ಮೈಕು ಸಿಕ್ಕಿತು. ನನ್ನ ಹೆಸರಿನ ಕಡತ ಸಾರ್ ಎಂದು ಆಕೆ ಶುರುಮಾಡುತ್ತಿದ್ದಂತೆ ನಾಡಗೀತೆ ಹಾಕಿಬಿಟ್ಟರು, ಎಲ್ಲರೂ ಎದ್ದು ನಿಲ್ಲಬೇಕಾಯಿತು.

ಅರಿವು ಬೇಕಿದ್ದರೆ ನಮ್ಮ ರಸ್ತೆಗೆ ಬನ್ನಿ ಮಾನ್ಯರೇ, ಅಲ್ಲಿ ಮೈಕು ಬೇಕಾಗಿಲ್ಲ. ನಮ್ಮ ತಾಯಿ ಮುನಿಯಲ್ಲಮ್ಮನಿಗೆ ಎಪ್ಪತ್ತೆಂಟು ವರ್ಷ. ಟ್ರಾನ್ಸ್‌ಜೆಂಡರ್ ಎಂಬ ಪದ ಅವಳ ಬಾಯಲ್ಲಿ ಇವತ್ತಿಗೂ ನಿಲ್ಲುವುದಿಲ್ಲ. ಆದರೆ ರಾಣಿ ಹೇಳುವ ಪ್ರಕಾರ ಇಡೀ ಪುಟ್ಟೇನಹಳ್ಳಿಯಲ್ಲಿ ಅವಳೊಬ್ಬಳೇ ಸರಿಯಾದ ಗಿರಾಕಿ. ಯಾಕೆಂದರೆ ಅವಳು ಚೌಕಾಸಿ ಮಾಡುತ್ತಾಳೆ. ಟ್ರಾನ್ಸ್‌ಜೆಂಡರ್ ಮಹಿಳೆಯರ ಬಾಯಿಂದ ಒಳ್ಳೆಯ ಮಾತು ಬಂದರೆ ಶುಭ, ಶಾಪ ಬಂದರೆ ಕಷ್ಟ ಎಂಬ ಭಯ ಜನರಲ್ಲಿ ಇನ್ನೂ ಇದೆ. ಅಂಗಡಿ ಪೂಜೆಗೆ, ಗೃಹಪ್ರವೇಶಕ್ಕೆ ಹುಡುಕಿಕೊಂಡು ಹೋಗಿ ಹರಸಿಸಿಕೊಳ್ಳುತ್ತಾರೆ, ಅದೇ ಮನೆಯ ಮೇಲಿನ ಮಹಡಿ ಬಾಡಿಗೆಗೆ ಕೇಳಿದರೆ ಖಾಲಿ ಇಲ್ಲ ಎನ್ನುತ್ತಾರೆ. ಅಂಥವರು ರಾಣಿಯ ಗಾಡಿಗೆ ಬಂದರೆ ಹೇಳಿದಷ್ಟು ಕೊಟ್ಟು, ಕಟ್ಟು ಬಿಚ್ಚಿ ನೋಡದೆ, ತಲೆ ತಗ್ಗಿಸಿ ಹೊರಟುಬಿಡುತ್ತಾರೆ. ಅದು ಮರ್ಯಾದೆಯಲ್ಲ, ದೂರ ಇಡುವ ಇನ್ನೊಂದು ದಾರಿ ಎಂದು ರಾಣಿ ಹೇಳುತ್ತಾಳೆ. ನಮ್ಮಮ್ಮನೋ, ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದು ದಂಟನ್ನೂ ಮುರಿದು ನೋಡುತ್ತಾಳೆ.

“ಏನಮ್ಮಿ ಇದು, ಇಂಗೆ ಕಟ್ಟಿದ್ರೆ ನಮ್ಮನೆ ಬಸ್ಸಾರಿಗೆ ಎಂಗ್ ಸಾಕಾತದೆ? ಇನ್ನೊಂದ್ ಇಡಿ ಕೊಸರು ಆಕು.”

ರಾಣಿ ಹಾಕುವುದಿಲ್ಲ ಎನ್ನುತ್ತಾಳೆ. ಇವಳು ಬಿಡುವುದಿಲ್ಲ. ಇಬ್ಬರೂ ಹತ್ತು ನಿಮಿಷ ಜಗಳ ಆಡುತ್ತಾರೆ, ಕೊನೆಗೆ ಅರ್ಧ ಹಿಡಿ ಕೊಸರಿಗೆ ರಾಜಿಯಾಗುತ್ತದೆ. ನಾನೊಮ್ಮೆ ತಾಯಿಗೆ ರಾಣಿಯ ಹಿನ್ನೆಲೆಯನ್ನು ವಿವರಿಸಲು ಹೋಗಿದ್ದೆ, ವಿಜ್ಞಾನ, ಕಾನೂನು ಎಲ್ಲ ಸೇರಿಸಿ. ಅವಳು ಅವರೆಕಾಯಿ ಸುಲಿಯುತ್ತ ಕೇಳಿಸಿಕೊಂಡು, “ಅವ್ಳು ರಾಣಿ ಅಂತ ಅವ್ಳೇ ಏಳ್ತಾವ್ಳಲ್ಲ, ಇನ್ಯಾರನ್ ಕೇಳ್ಬೇಕು?” ಎಂದು ಸಿಪ್ಪೆ ಎತ್ತಲು ಹೇಳಿದಳು. ನಿಮ್ಮ ಇಡೀ ಕಡತಕ್ಕೆ ಆ ಒಂದು ಷರಾ ಸಾಕಾಗಿತ್ತು.

ರಾಣಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಮೊರ ಮಾರುವ ಬದರುನ್ನೀಸಾ ಇದ್ದಾರೆ. ನಿಮ್ಮ ಹಳೆಯ ಮಾರುಕಟ್ಟೆಯ ಶೌಚಾಲಯದಲ್ಲಿ ಗಂಡಸರ ಕಡೆ ಹೋದರೆ ರಾಣಿಗೆ ಅಪಾಯ, ಹೆಂಗಸರ ಕಡೆ ಹೋದರೆ ಕಾವಲಿನವನು ತಡೆಯುತ್ತಿದ್ದ. ಬೆಳಿಗ್ಗೆ ಐದಕ್ಕೆ ರಾಜಾನುಕುಂಟೆಗೆ ಹೋಗಿ ಸೊಪ್ಪು ತಂದು, ಸಂಜೆ ಏಳರ ತನಕ ರಸ್ತೆಯಲ್ಲಿ ನಿಲ್ಲುವ ಮನುಷ್ಯ ಜೀವ ಏನು ಮಾಡಬೇಕು? ಆಕೆ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಮೂತ್ರದ ಸೋಂಕಾಗಿ ಜ್ವರ ಬಂದು ಮಲಗಿದಾಗಲೇ ನಮಗೆ ಗೊತ್ತಾದದ್ದು. ಬದರುನ್ನೀಸಾ ಭಾಷಣ ಮಾಡಲಿಲ್ಲ. ಮಾರನೇ ದಿನದಿಂದ ತಾವು ಹೋಗುವಾಗಲೆಲ್ಲ “ಬಾ ರಾಣಿ, ಹೋಗ್ಬರೋಣ” ಎಂದು ಕರೆದುಕೊಂಡು ಹೋಗತೊಡಗಿದರು. ಕಾವಲಿನವನು ಅಡ್ಡ ನಿಂತಾಗ, “ನನ್ ಜೊತೆ ಬಂದವ್ಳೆ, ನಿಮ್ಗೇನ್ರೀ ಕಷ್ಟ?” ಎಂದು ಒಂದೇ ಮಾತು ಕೇಳಿದರಂತೆ. ಒಂದು ವಾರಕ್ಕೆ ಅವನಿಗೂ ಅಭ್ಯಾಸವಾಯಿತು. ಈಗ ಬದರುನ್ನೀಸಾ ಇಲ್ಲದ ದಿನವೂ ತಡೆಯುವುದಿಲ್ಲ, ಸೊಪ್ಪು ತಾಜಾ ಇದೆಯೇ ಎಂದು ಕೇಳುತ್ತಾನೆ. ಜೊತೆಗೆ ನಿಲ್ಲುವುದು ಎಂದರೆ ಇಷ್ಟೇ ಇರಬಹುದು ಎಂದು ನನಗೀಗ ಅನಿಸುತ್ತದೆ. ಕೇಳುವುದು, ಅವರು ಹೇಳಿದ ಹೆಸರಿನಿಂದ ಕರೆಯುವುದು, ಯಾರಾದರೂ ಅಡ್ಡ ನಿಂತಾಗ ಪಕ್ಕದಲ್ಲಿರುವುದು. ಇದಕ್ಕೆ ಹಾರ ತುರಾಯಿಯ ಖರ್ಚಿಲ್ಲ.

ಇನ್ನು ಕಳೆದ ತಿಂಗಳ ವಿಷಯ. ಹೊಸ ಮಾರುಕಟ್ಟೆಯ ಮಳಿಗೆ ಹಂಚಲು ನಿಮ್ಮ ಅಂಗಳದಲ್ಲಿ ವ್ಯಾಪಾರಿಗಳ ಹಾಜರಿ ತೆಗೆದುಕೊಂಡಿರಿ. ಒಂದೊಂದೇ ಹೆಸರು ಕೂಗುತ್ತಿದ್ದರು, ಜನ ಹೋಗಿ ಸಹಿ ಹಾಕುತ್ತಿದ್ದರು. ಹದಿನಾಲ್ಕನೆಯದು ರಾಣಿಯ ಹಳೆಯ ಹೆಸರು. ಆ ಹೆಸರಿಗೆ ಉತ್ತರ ಕೊಡುವುದನ್ನು ಆಕೆ ಎಷ್ಟೋ ವರ್ಷದ ಹಿಂದೆಯೇ ಬಿಟ್ಟಿದ್ದಳು. ಆದರೂ ಅವತ್ತು, ಹನ್ನೊಂದು ವರ್ಷದ ಜಾಗಕ್ಕಾಗಿ, ಎಲ್ಲರ ಮುಂದೆ ಕೈ ಎತ್ತಿ “ಇದೀನಿ ಸಾರ್” ಎಂದಳು. ಆ ಎರಡು ಮಾತಿಗೆ ಆಕೆ ಏನು ತೆತ್ತಳು ಎನ್ನುವುದು ಆಕೆಗೇ ಗೊತ್ತು. ನಾನು ಮುಖ ನೋಡಲಾರದೆ ನೆಲ ನೋಡಿದೆ. ನಿಮ್ಮವರು ಆಕೆಯನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ಫೋಟೋ ಹೊಂದುವುದಿಲ್ಲ, ಅವರು ಬಂದಿಲ್ಲ ಎಂದರು. ಆಕೆ ಮತ್ತೆ ಹೇಳಿದಳು. ಬದರುನ್ನೀಸಾ ಹೇಳಿದರು. ನಾನು ಪ್ರಮಾಣಪತ್ರ ತೋರಿಸಿದೆ. ನಮ್ಮ ಯಲಹಂಕ ವಾಯುನೆಲೆಯ ವಿಮಾನ ಯಾವುದೂ ಆ ಹೊತ್ತಿನಲ್ಲಿ ನಮ್ಮ ತಲೆಯ ಮೇಲೆ ಹಾರುತ್ತಿರಲಿಲ್ಲ, ಆದ್ದರಿಂದ ಕೇಳಿಸಲಿಲ್ಲ ಎನ್ನುವಂತಿಲ್ಲ. ನಿಮ್ಮವರು ಕೆಂಪು ಪೆನ್ನು ತೆಗೆದು, ಎದುರಿಗೆ ನಿಂತ ಮನುಷ್ಯಳನ್ನು ನೋಡುತ್ತಲೇ, ಪಟ್ಟಿಯಲ್ಲಿ ‘ಗೈರು’ ಎಂದು ಬರೆದರು. ಹದಿನಾಲ್ಕನೇ ಮಳಿಗೆ ಈಗ ಯಾರದೂ ಅಲ್ಲ. ಅವತ್ತು ಸಂಜೆ ರಾಣಿ ಗಾಡಿ ತೆರೆಯಲಿಲ್ಲ. ನಮ್ಮಮ್ಮ ಚೀಲ ಹಿಡಿದು ಹೋಗಿ ಬರಿಗೈಯಲ್ಲಿ ವಾಪಸು ಬಂದು, ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಇದೆಲ್ಲ ಆಗಿ ಹತ್ತು ದಿನಕ್ಕೆ ನಿಮ್ಮ ಕಚೇರಿಯಿಂದ ಒಂದು ಲಕೋಟೆ ಬಂತು. ಆದೇಶ ಬಂತೆಂದು ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ತೆರೆದರೆ ಆಮಂತ್ರಣ ಪತ್ರಿಕೆ. ಐದನೇ ತಾರೀಖು ಬೀಗದ ಕೈ ವಿತರಣೆಯ ಸಮಾರಂಭದಲ್ಲೇ ಸಾಧಕರಿಗೆ ಸನ್ಮಾನವೂ ಇದೆಯಂತೆ. ಅದರಲ್ಲಿ ಮೂರನೇ ಸಾಲು ಹೀಗಿದೆ: ‘ಶ್ರೀಮತಿ ರಾಣಿ, ಸೊಪ್ಪಿನ ವ್ಯಾಪಾರಿ, ಪುಟ್ಟೇನಹಳ್ಳಿ. ತಮ್ಮ ಉಪಸ್ಥಿತಿಯನ್ನು ಕೋರಲಾಗಿದೆ.’ ಬಂಗಾರದ ಬಣ್ಣದ ಅಕ್ಷರ, ಕೆಳಗೆ ನಿಮ್ಮ ಸಹಿ, ಕಚೇರಿಯ ಮೊಹರು.

ನಾನು ಅದನ್ನು ಮೂರು ಸಲ ಓದಿದೆ. ತಂತ್ರಾಂಶದಲ್ಲಿ ಅವಕಾಶವಿಲ್ಲ, ಮಾರ್ಗಸೂಚಿ ಬಂದಿಲ್ಲ, ಮೊದಲನೆಯವರ ಒಪ್ಪಿಗೆ ಇಲ್ಲ, ಎರಡೂ ಸಹಿ ಒಂದೇ ಥರ ಇದೆ ಎಂದು ಎರಡು ವರ್ಷ ಹೇಳಿದ ಕಚೇರಿ, ಶಾಲು ಹೊದಿಸುವ ಪಟ್ಟಿಯಲ್ಲಿ ಆಕೆಯ ಹೆಸರನ್ನು ಒಂದೂ ತಪ್ಪಿಲ್ಲದೆ ಬರೆದಿದೆ. ಅಂದರೆ ನಿಮಗೆ ಬರೆಯಲು ಬರುತ್ತದೆ. ಒಂದೇ ದಿನ, ಒಂದೇ ವೇದಿಕೆ, ಒಂದೇ ಮೈಕು. ಬೀಗದ ಕೈ ಕೊಡುವ ಪಟ್ಟಿಯಲ್ಲಿ ಆಕೆ ಗೈರು, ಶಾಲು ಕೊಡುವ ಪಟ್ಟಿಯಲ್ಲಿ ಆಕೆಯ ಉಪಸ್ಥಿತಿ ಬೇಕು. ಅಂಗಡಿಗೆ ಇಲ್ಲದ ಮನುಷ್ಯಳು ಫೋಟೋಕ್ಕೆ ಹೇಗೆ ಬರುತ್ತಾಳೆ ಮಾನ್ಯರೇ?

ಈ ಸಲ ನಾನು ಬುದ್ಧಿ ಕಲಿತಿದ್ದೆ. ಉತ್ತರ ಏನು ಬರೆಯಲಿ ಎಂದು ಮೊದಲು ರಾಣಿಯನ್ನೇ ಕೇಳಿದೆ. ಈ ಪತ್ರದ ಒಂದೊಂದು ಪುಟವನ್ನೂ ಆಕೆಗೆ ಓದಿ ಹೇಳಿ, ಜ್ವರದ ವಿಷಯ ಬರೆಯಬಹುದೇ ಎಂದೂ ಕೇಳಿ, ಒಪ್ಪಿಸಿಯೇ ಕಳಿಸುತ್ತಿದ್ದೇನೆ. ಆಮಂತ್ರಣಕ್ಕೆ ಉತ್ತರ ಕೇಳಿದಾಗ ಆಕೆ ಮೆಂತ್ಯದ ಕಟ್ಟಿಗೆ ನೀರು ಚಿಮುಕಿಸುತ್ತಿದ್ದಳು.

“ಶಾಲು ಬೇಡ ಅನ್ನಿ ಅಣ್ಣ. ಅವತ್ತು ನಾನ್ ವೇದಿಕೆ ಮೇಲೆ ಬರಲ್ಲ. ಕ್ಯೂನಲ್ಲಿ ನಿಂತಿರ್ತೀನಿ. ನನ್ ಹೆಸ್ರು ಕೂಗ್ಲಿ, ಸಾಕು.”

ಆದ್ದರಿಂದ ನಮ್ಮ ಕೋರಿಕೆ ಚಿಕ್ಕದು. ಆಮಂತ್ರಣ ಪತ್ರಿಕೆಯ ಮೂರನೇ ಸಾಲಿನಿಂದ ‘ರಾಣಿ’ ಎಂಬುದನ್ನು ನೋಡಿಕೊಂಡು ನೋಂದಣಿ ಪುಸ್ತಕದ ಹದಿನಾಲ್ಕನೇ ಸಾಲಿಗೆ ಬರೆಯಿರಿ. ಹಾಜರಿ ಪಟ್ಟಿಯಲ್ಲಿ ಕೆಂಪು ಪೆನ್ನಿನ ‘ಗೈರು’ ಹೊಡೆದುಹಾಕಿ ‘ಹಾಜರು’ ಎಂದು ತಿದ್ದಿ. ಹೊಸ ಕಟ್ಟಡದ ಹೆಂಗಸರ ಶೌಚಾಲಯದ ಕಾವಲಿನವರಿಗೆ ಮೊದಲ ದಿನವೇ ಒಂದು ಮಾತು ಹೇಳಿಡಿ, ಮತ್ತೆ ಬದರುನ್ನೀಸಾ ಅವರೇ ಹೇಳಬೇಕಾಗಿ ಬರುವುದು ಬೇಡ. ಐದನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ನಾವೆಲ್ಲ ಬರುತ್ತೇವೆ. ನಮ್ಮಮ್ಮ ಚೀಲ ತರುತ್ತಾಳೆ. ನೀವು ಹದಿಮೂರನೆಯ ಹೆಸರಾದ ಮೇಲೆ ಒಂದು ಉಸಿರು ತೆಗೆದುಕೊಂಡು ರಾಣಿ ಎಂದು ಕೂಗಿ. “ಇದೀನಿ ಸಾರ್” ಎಂಬ ದನಿ ಕೇಳಿಸುತ್ತದೆ. ಆಕೆ ಹನ್ನೊಂದು ವರ್ಷದಿಂದ ಅಲ್ಲೇ ಇದ್ದಾಳೆ.

ಇಂತಿ,
ಮೂವತ್ತೊಂದು ವರ್ಷ ಊರವರ ಪರವಾಗಿ ತಮ್ಮ ವಿಧೇಯನಾಗಿದ್ದು, ತನ್ನ ಮೊದಲ ಸ್ವಂತ ಪತ್ರದಲ್ಲೇ ವಿಧೇಯತೆ ಸಾಲದೇ ಹೋದ,
ಮುನೀಂದ್ರ
ಅರ್ಜಿ ಬರಹಗಾರ, ಹೊಂಗೆ ಮರದ ಕೆಳಗೆ, ತಮ್ಮ ಗೇಟಿನ ಹೊರಗೆ

ಲಗತ್ತು: ಶಾಲುಗಳು ನಾಲ್ಕು, ಒಗೆದು ಮಡಚಿದ್ದು. ಪೇಟವನ್ನು ಲಗತ್ತಿಸಿಲ್ಲ, ಅದು ಬಳಕೆಯಲ್ಲಿದೆ.